ಇಂದಿನ ಧಮ್ಮ ಚಿಂತನ: ಹದಿನೆಂಟೋ ಇಪ್ಪತ್ತೊಂದೋ?



ಇವತ್ತಿನ ಚಿಂತನ ಎಂದಿಗಿಂತ ಉದ್ದ ಇದೆ. ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಮುಗಿಯದಿದ್ದರೆ ರಾತ್ರಿ ಊಟವಾದ ಮೇಲೆ ಓದಿ. ಓದದೆ ಮಾತ್ರ ಫಾರ್ವರ್ಡ್ ಮಾಡಬೇಡಿ, ಅದೊಂದು ವಿನಂತಿ.

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮಲ್ಲೊಬ್ಬ ಹುಡುಗ ಪ್ರಶ್ನೆ ಕೇಳಿದ. ಬಂದಿದ್ದವರಿಗೆ ಗೊತ್ತು, ಅವನು ನನ್ನ ತಮ್ಮನ ಮಗ. ತಮ್ಮ ಮತ್ತು ಅವನ ಹೆಂಡತಿ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಹುಡುಗ ಇಲ್ಲಿ ಕವಿತಾಳದಲ್ಲಿ ನಮ್ಮ ಮನೆಯಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ. ಪಂಚಶೀಲದ ಐದನೆಯ ಶೀಲದ ಬಗ್ಗೆ ನಾನು ಮಾತು ಮುಗಿಸಿ ಕೂತಿದ್ದೆ. ಅವನು ಎದ್ದು ನಿಂತು, "ದೊಡ್ಡಪ್ಪ, ಹದಿನೆಂಟಕ್ಕ ವೋಟ್ ಹಾಕಬೌದು, ಗಾಡಿ ಲೈಸೆನ್ಸ್ ಮಾಡಿಸಬೌದು, ತಪ್ಪು ಮಾಡಿದ್ರ ದೊಡ್ಡವರ ಜೈಲಿಗೇ ಹಾಕ್ತಾರ. ಕುಡಿಯಾಕ ಮಾತ್ರ ಯಾಕ ಇಪ್ಪತ್ತೊಂದು? ಬುದ್ಧರು ಏನರ ವಯಸ್ಸು ಹೇಳ್ಯಾರೇನು?" ಅಂದ.

ಎರಡು ಮೂರು ಮಂದಿ ನಕ್ಕರು. ನಾನು, "ಶೀಲಕ್ಕೆ ವಯಸ್ಸಿಲ್ಲಪ್ಪ, ಎಲ್ಲರಿಗೂ ಒಂದೇ" ಅಂದು ಕೂತೆ. ಅವನು ತಲೆ ಆಡಿಸಿದ. ಇಪ್ಪತ್ತು ವರ್ಷದ ಮೇಲಾಯಿತು ನಾನು ಪಾಠ ಮಾಡಲು ಶುರುಮಾಡಿ. ಉತ್ತರ ಸಿಕ್ಕಾಗ ಮಕ್ಕಳು ತಲೆ ಆಡಿಸುವುದೇ ಬೇರೆ, ಇನ್ನು ಕೇಳಿ ಪ್ರಯೋಜನವಿಲ್ಲ ಅಂತ ತಲೆ ಆಡಿಸುವುದೇ ಬೇರೆ. ಅವನು ಆಡಿಸಿದ್ದು ಎರಡನೆಯ ರೀತಿ. ಅವತ್ತು ಕೊಡದ ಉತ್ತರವನ್ನು ಇವತ್ತು ಬರೆಯುತ್ತಿದ್ದೇನೆ.

ಹುಡುಗನ ಪ್ರಶ್ನೆ ಹೊಸದಲ್ಲ. ನಮ್ಮ ಸರ್ಕಾರವೇ ಅದನ್ನು ಕೇಳಿತ್ತು. 2023ರ ಜನವರಿ ನೆನಪಿಸಿಕೊಳ್ಳಿ. ಮದ್ಯ ಕೊಳ್ಳುವವರ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವನ್ನು ಅಬಕಾರಿ ಇಲಾಖೆ ಪ್ರಕಟಿಸಿತು. ಆಕ್ಷೇಪಣೆ ಸಲ್ಲಿಸಲು ಜನರಿಗೆ 30 ದಿನ ಕೊಟ್ಟಿತ್ತು. ಕಾರಣ ಏನೆಂದರೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಸೆಕ್ಷನ್ 18 ವರ್ಷದೊಳಗಿನವರಿಗೆ ಮಾರಬಾರದು ಅನ್ನುತ್ತದೆ, ಅದೇ ಕಾಯ್ದೆಯ ಕೆಳಗೆ ಬಂದ 1967ರ ಲೈಸೆನ್ಸ್ ನಿಯಮಗಳು 21 ವರ್ಷದೊಳಗಿನವರಿಗೆ ಮಾರಬಾರದು ಅನ್ನುತ್ತವೆ. ತಾಯಿ ಒಂದು ಹೇಳಿದರೆ ಮಗಳು ಇನ್ನೊಂದು ಹೇಳಿದ ಹಾಗೆ. ಎರಡನ್ನೂ ಒಂದೇ ಮಾಡುತ್ತೇವೆ ಅಂತ ಇಲಾಖೆಯ ವಾದ. ಒಂದೇ ಮಾಡಬೇಕಾದರೆ ಕಾಯ್ದೆಯ 18ನ್ನು 21ಕ್ಕೆ ಏರಿಸಿಯೂ ಮಾಡಬಹುದಿತ್ತು. ಇಳಿಸುವ ಕಡೆಯೇ ಮನಸ್ಸು ಯಾಕೆ ಹೋಯಿತು ಅನ್ನುವುದನ್ನು ಲೆಕ್ಕ ಬಲ್ಲವರು ಊಹಿಸಲಿ. ರಾಜ್ಯದ ತುಂಬ ವಿರೋಧ ಬಂತು, ತಾಯಂದಿರು ಬೈದರು, ಪತ್ರಿಕೆಗಳು ಬರೆದವು. 30 ದಿನ ಕಾಯಲಿಲ್ಲ, ಜನವರಿ 18ರಂದು ಸರ್ಕಾರ ಕರಡನ್ನು ಹಿಂದಕ್ಕೆ ತೆಗೆದುಕೊಂಡಿತು.

ಆಗ ನಾನು ಆಕ್ಷೇಪಣೆ ಬರೆದು ಕಳಿಸಿದೆನಾ? ಇಲ್ಲ. ಹತ್ತಿ ಬಿಡಿಸುವ ಕಾಲ, ಶಾಲೆಯಲ್ಲಿ ಹಾಜರಾತಿ ಅರ್ಧಕ್ಕೆ ಇಳಿದಿತ್ತು, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಯಾರಿ ಬೇರೆ. ಇವೆಲ್ಲ ನೆಪ. ನಿಜವಾದ ಕಾರಣ ಬೇರೆ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹುಡುಗನ ವಾದವನ್ನು ನ್ಯಾಯವಾಗಿ ನೋಡೋಣ. ವೋಟು ಹಾಕುವ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18 ಆಯಿತು. ಸರಿಯಾದ ಕೆಲಸ. ಆದರೆ ಇದೇ ದೇಶದ ಕಾನೂನು ಗಂಡಿನ ಮದುವೆಗೆ 21 ಆಗಬೇಕು ಅನ್ನುತ್ತದೆ. ಅಂದರೆ ದೊಡ್ಡವನಾಗುವುದು ಒಂದೇ ದಿನದ ಕೆಲಸವಲ್ಲ, ಒಂದೊಂದು ಹೊಣೆಗೆ ಒಂದೊಂದು ವಯಸ್ಸು ಅಂತ ಕಾನೂನು ಮೊದಲಿನಿಂದಲೂ ಒಪ್ಪಿಕೊಂಡಿದೆ. ವೋಟು ಐದು ವರ್ಷಕ್ಕೊಮ್ಮೆ ಕೇಳುತ್ತದೆ, ತಪ್ಪು ಒತ್ತಿದರೆ ಮುಂದಿನ ಸಲ ತಿದ್ದಿಕೊಳ್ಳಬಹುದು. ಕುಡಿತ ಹಾಗಲ್ಲ, ರೂಢಿಯಾದರೆ ದಿನಾ ಸಂಜೆ ಬಂದು ಕೇಳುತ್ತದೆ. ಮೆದುಳಿನಲ್ಲಿ ಮುಂದಾಲೋಚನೆ ಮಾಡುವ, ಕೈ ತಡೆಯುವ ಭಾಗ ಇಪ್ಪತ್ತೈದರ ಹತ್ತಿರದವರೆಗೂ ಬೆಳೆಯುತ್ತಿರುತ್ತದೆ ಅಂತ ವೈದ್ಯರು ಹೇಳುತ್ತಾರೆ. ಅಮೆರಿಕದಲ್ಲಿ 1984ರಲ್ಲಿ ಕಾಯ್ದೆ ತಂದು ಎಲ್ಲ ರಾಜ್ಯಗಳೂ 21ಕ್ಕೆ ಬರುವಂತೆ ಮಾಡಿದರು, ಕುಡಿದು ಗಾಡಿ ಓಡಿಸಿ ಸಾಯುವ ಹರೆಯದ ಮಕ್ಕಳ ಸಂಖ್ಯೆ ಇಳಿಯಿತು. ಕೇರಳ 2017ರಲ್ಲಿ 21ರಿಂದ 23ಕ್ಕೆ ಏರಿಸಿತು. ಗೋವಾದಲ್ಲಿ 18 ಇದೆ. ಹುಡುಗ ಗೋವಾದ ಉದಾಹರಣೆ ಕೊಡುವ ಮೊದಲೇ ನಾನೇ ಹೇಳಿಬಿಟ್ಟೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ಬಸ್ ಸ್ಟ್ಯಾಂಡಿನಲ್ಲಿದೆ. ನಮ್ಮ ಭಾಗದ ಹುಡುಗ 18ರಿಂದ 21ರ ನಡುವೆ ಏನು ಮಾಡುತ್ತಾನೆ? ಪಿಯುಸಿ ಪಾಸಾಗುತ್ತಾನೆ, ಇಲ್ಲವೇ ಫೇಲಾಗುತ್ತಾನೆ. ಬ್ಯಾಗು ಹೊತ್ತು ರಾತ್ರಿ ಬಸ್ಸಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೊರಡುತ್ತಾನೆ. ಜೀವನದಲ್ಲಿ ಮೊದಲ ಸಲ ಅವ್ವನ ಕಣ್ಣು ತಪ್ಪುತ್ತದೆ, ಮೊದಲ ಸಲ ವಾರದ ಪಗಾರ ಕೈಗೆ ಬರುತ್ತದೆ, ಶನಿವಾರ ಸಂಜೆ ಶೆಡ್ಡಿನಲ್ಲಿ ತನಗಿಂತ ದೊಡ್ಡವರ ನಡುವೆ ಕೂತಿರುತ್ತಾನೆ. ಆ ಮೂರು ವರ್ಷವೇ ಅವನ ದಾರಿ ಯಾವ ಕಡೆ ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನ ಮಾಡುತ್ತದೆ. ಆ ಮೂರು ವರ್ಷ ಅಂಗಡಿಯ ಬಾಗಿಲು ಅವನಿಗೆ ಮುಚ್ಚಿರಲಿ ಅನ್ನುವುದು ನನ್ನ ಅಭಿಪ್ರಾಯ. ಇದು ನಾನು ಈಗ ಹೇಳುವ ಮಾತು, 2023ರಲ್ಲಿ ಹೇಳಲಿಲ್ಲ.

ಆದರೆ ಬಂಧುಗಳೇ, ಬಾಗಿಲು ಮುಚ್ಚಿದೆಯಾ?

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಅಪ್ಪ ಸಂಜೆ ಕೂಲಿಯಿಂದ ಬಂದು ಕೈಕಾಲು ತೊಳೆದು, ತಂಬಿಗೆ ನನ್ನ ಕೈಗೆ ಕೊಡುತ್ತಿದ್ದ. ಸೇಂದಿ ಅಂಗಡಿ ಊರ ಹೊರಗೆ. ಹೋಗುವಾಗ ಓಡುತ್ತಿದ್ದೆ, ಬರುವಾಗ ತುಳುಕದ ಹಾಗೆ ನಡೆಯುತ್ತಿದ್ದೆ. ತುಳುಕಿದರೆ ಹೊಡೆತ. ಅದಕ್ಕೇ ತಂಬಿಗೆಯ ಬಾಯಿ ತುಂಬಿದ್ದನ್ನು ಒಂದು ಗುಟುಕು ಕುಡಿದರೆ ತುಳುಕುವುದಿಲ್ಲ ಅಂತ ನಾನೇ ಕಂಡುಹಿಡಿದೆ! ಹುಳಿ, ಸ್ವಲ್ಪ ಸಿಹಿ. ಅಂಗಡಿಯವನು ನನ್ನ ವಯಸ್ಸು ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ಅವನಿಗೆ ನನ್ನ ವಯಸ್ಸು ಗೊತ್ತಿತ್ತು. ಅವ್ವ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಅಪ್ಪ ಕೆಟ್ಟವನಲ್ಲ. ಶಾಲೆ ಬಿಡಿಸಲಿಲ್ಲ, ನಾನು ಎಂಎ ಮಾಡಿದ್ದು ಅವನ ಬೆನ್ನಿನ ಮೇಲೆ. ಇದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಸೇಂದಿಯ ಕಾಲ ಹೋಗಿ ಅದಕ್ಕೆ ಸಿ.ಎಚ್. ಪೌಡರ್ ಬೆರೆಸುವ ಕಾಲ ಬಂತು. ಅದು ಎಷ್ಟು ಮನೆ ಹಾಳು ಮಾಡಿದೆ ಅನ್ನುವುದು ರಾಯಚೂರಿನವರಿಗೆ ನಾನು ಹೇಳಬೇಕಾಗಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪಾಕೀಟು ಹೋದ ಜಾಗಕ್ಕೆ ವಿಸ್ಕಿಯ ಸಣ್ಣ ಪಾಕೀಟು ಬಂತು. ಲೈಸೆನ್ಸ್ ಇರುವ ಅಂಗಡಿ ತಾಲ್ಲೂಕು ಊರಲ್ಲಿ ಇರಬಹುದು, ಹಳ್ಳಿಯಲ್ಲಿ ಕಿರಾಣಿ ಡಬ್ಬಿಯಲ್ಲಿ ಬಿಸ್ಕೀಟಿನ ಹಿಂದೆ ಅದೇ ಸಿಗುತ್ತದೆ. ಅಲ್ಲಿ 21 ಅಂತ ಬೋರ್ಡು ಇಲ್ಲ, 18 ಅಂತಲೂ ಇಲ್ಲ.

ಹಿಂದೆ ನಾನಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯ ಹುಡುಗನ ಬ್ಯಾಗಿನಲ್ಲಿ ಸಮಾಜ ವಿಜ್ಞಾನದ ಪುಸ್ತಕದ ಕೆಳಗೆ ಅಂಥ ಎರಡು ಪಾಕೀಟು ಸಿಕ್ಕವು. ಸ್ಟಾಫ್ ರೂಮಿಗೆ ಕರೆದು ನಾವೆಲ್ಲ ಸೇರಿ ಬೈದೆವು. ಅವನು ಅಳಲಿಲ್ಲ. "ನನಗಲ್ರೀ ಸರ್, ಅಪ್ಪಗ್ರಿ. ಸಾಲಿ ಬಿಟ್ಟಮ್ಯಾಲ ಅಂಗಡಿ ಮುಚ್ಚಿರ್ತದ, ಅದಕ್ಕ ಮುಂಜಾನೆನ ತಂದಿಟ್ಟೀನ್ರಿ" ಅಂದ. ಎಂಥ ಜವಾಬ್ದಾರಿ ಇರುವ ಹುಡುಗ ನೋಡಿ! ಮಗುವಿನ ಕೈಲಿ ಮದ್ಯ ಮಾರಿಸಿದರೆ, ಹೊರಿಸಿದರೆ, ತರಿಸಿದರೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿಯವರೆಗೆ ದಂಡ ಅಂತ 2015ರ ಬಾಲನ್ಯಾಯ ಕಾಯ್ದೆಯ 78ನೇ ಸೆಕ್ಷನ್ ಹೇಳುತ್ತದೆ. ಆ ಸೆಕ್ಷನ್ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆ? ಆ ಅಪ್ಪನನ್ನು ಜೈಲಿಗೆ ಹಾಕಿಸುತ್ತಿದ್ದೆನಾ? ನನ್ನ ಅಪ್ಪನೇ ಕಣ್ಣ ಮುಂದೆ ಬರುತ್ತಾನೆ. ಪಾಕೀಟು ಕಿತ್ತು ಚರಂಡಿಗೆ ಸುರಿದೆವು, ಹುಡುಗನನ್ನು ಕಳಿಸಿದೆವು. ರಾತ್ರಿ ಅವನಿಗೆ ಮನೆಯಲ್ಲಿ ಏನಾಯಿತು ಅಂತ ನಾವು ಯಾರೂ ಕೇಳಲಿಲ್ಲ.

ಈಗ ಹುಡುಗನ ಎರಡನೆಯ ಪ್ರಶ್ನೆ. ಬುದ್ಧರು ವಯಸ್ಸು ಹೇಳಿದ್ದಾರಾ?

ಈ ಶೀಲ ಹುಟ್ಟಿದ ಕಥೆ ವಿನಯ ಪಿಟಕದಲ್ಲಿದೆ. ಸಾಗತ ಅಂತ ಒಬ್ಬ ಥೇರ ಇದ್ದ. ಸಣ್ಣ ಹುಡುಗನಲ್ಲ, ಸಾಧನೆ ಮಾಡಿದವನು, ಋದ್ಧಿ ಬಲ ಇದ್ದವನು. ಕೋಸಂಬಿಯ ಕಡೆ ಅಂಬತಿತ್ಥ ಎಂಬಲ್ಲಿ ಜಟಾಧಾರಿಗಳ ಆಶ್ರಮದಲ್ಲಿ ಒಂದು ಭಯಂಕರ ನಾಗ ಸೇರಿಕೊಂಡಿತ್ತು. ಸಾಗತ ಆ ನಾಗವನ್ನು ತಣ್ಣಗೆ ಮಾಡಿದ. ಊರಿನವರಿಗೆ ಎಷ್ಟು ಸಂತೋಷ! ಕೋಸಂಬಿಯ ಉಪಾಸಕರು, "ಭಂತೇಗಳಿಗೆ ಸುಲಭವಾಗಿ ಸಿಗದ, ಇಷ್ಟವಾದ ವಸ್ತು ಯಾವುದು?" ಅಂತ ವಿಚಾರಿಸಿದರು. ಕೆಲವು ಪುಂಡ ಭಿಕ್ಖುಗಳು ಮದ್ಯದ ಹೆಸರು ಹೇಳಿದರು. ಸಾಗತ ಭಿಕ್ಷೆಗೆ ಬಂದಾಗ ಮನೆಮನೆಯಲ್ಲೂ ಅದನ್ನು ಸಿದ್ಧಮಾಡಿ, ಕೈಮುಗಿದು, ಭಕ್ತಿಯಿಂದ ಕೊಟ್ಟರು. ಪ್ರತಿ ಮನೆಯಲ್ಲೂ ಕುಡಿದು, ಊರ ಬಾಗಿಲಲ್ಲಿ ಅವನು ಬಿದ್ದ. ಭಿಕ್ಖುಗಳು ಎತ್ತಿಕೊಂಡು ಬಂದು, ತಲೆ ಬುದ್ಧರ ಕಡೆಗೆ ಇರುವಂತೆ ಮಲಗಿಸಿದರು. ಅವನು ಹೊರಳಿ ಕಾಲನ್ನು ಬುದ್ಧರ ಕಡೆ ಚಾಚಿದ. ಬುದ್ಧರು ಸಿಟ್ಟಾಗಲಿಲ್ಲ. ಇವನಿಗೆ ಮೊದಲು ನನ್ನ ಮೇಲೆ ಗೌರವ ಇತ್ತಲ್ಲವೇ, ನಾಗವನ್ನು ಗೆದ್ದವನು ಇವನೇ ಅಲ್ಲವೇ, ಈಗ ಒಂದು ನೀರುಹಾವನ್ನಾದರೂ ಹಿಡಿಯಬಲ್ಲನೇ ಅಂತ ಸುಮ್ಮನೆ ಕೇಳಿದರು. ಆಮೇಲೆ ನಿಯಮ ಮಾಡಿದರು.

ನನಗೆ ಈ ಕಥೆ ಮೊದಲು ಸಾಗತನ ಕಥೆಯಾಗಿ ಕಂಡಿತ್ತು. ಎಷ್ಟು ದೊಡ್ಡವನಾದರೂ ಬೀಳುತ್ತಾನೆ, ಹಾಗಾಗಿ ಬುದ್ಧರು ವಯಸ್ಸು ಹೇಳಲಿಲ್ಲ ಅಂತ. ಅದು ನಿಜವೇ. ಆದರೆ ಈಗೀಗ ನನ್ನ ಕಣ್ಣು ಆ ಕೋಸಂಬಿಯ ಜನರ ಮೇಲೆ ನಿಲ್ಲುತ್ತದೆ. ಅವರಲ್ಲಿ ಕೆಟ್ಟವರು ಯಾರೂ ಇಲ್ಲ. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟದ್ದು.

2003ರ ಮಾತು. ನನಗೆ ನೌಕರಿ ಸಿಕ್ಕಿತು, ಮೊದಲ ಪಗಾರ ಬಂತು. ನನ್ನ ತಮ್ಮನಿಗೆ ಅದೇ ತಾನೇ ಹದಿನೆಂಟು ತುಂಬಿತ್ತು. ನನಗೂ ಅವನಿಗೂ ಆರು ವರ್ಷದ ಅಂತರ, ನಾನು ಎತ್ತಿ ಆಡಿಸಿದವನು. ಅಲ್ಲಿಯವರೆಗೆ ಅವನು ಕುಡಿದವನಲ್ಲ. ಅಪ್ಪನ ತಂಬಿಗೆ ಹೊರುವ ಪಾಳಿ ಅವನಿಗೆ ಬರಲೇ ಇಲ್ಲ, ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಗೆಳೆಯರ ಜೊತೆ ರಾಯಚೂರಿಗೆ ಹೋದೆವು, ತಮ್ಮನನ್ನೂ ಕರೆದುಕೊಂಡು ಹೋದೆ. ಅವನು ಬೇಡ ಅಂದ. "ಹದಿನೆಂಟಾತು, ದೊಡ್ಡಾವ ಆದಿ, ಅಣ್ಣ ಇದ್ದಾನಲ್ಲೋ, ಅಂಜಬ್ಯಾಡ" ಅಂದು ಬಿಯರಿನ ಗ್ಲಾಸನ್ನು ನಾನೇ ಅವನ ಕೈಗೆ ಕೊಟ್ಟೆ. ಗೆಳೆಯರು ಚಪ್ಪಾಳೆ ಹೊಡೆದರು. ಅವನು ಮುಖ ಕಿವುಚಿ ಕುಡಿದ, ನನ್ನ ಕಡೆ ನೋಡಿ ನಕ್ಕ. ಆ ನಗುವಿನ ಅರ್ಥ ನನಗೆ ಗೊತ್ತು, ಅಣ್ಣನಿಗೆ ಖುಷಿಯಾಯಿತಲ್ಲ ಅಂತ.

ಆಗಲೂ ನಿಯಮದಲ್ಲಿ 21 ಎಂದೇ ಇತ್ತು. ಅಂಗಡಿಯವನು ದುಡ್ಡು ಕೊಡುವ ಕೈಯನ್ನು ನೋಡಿದ, ಅದು ನನ್ನದು, 24 ವರ್ಷದ ಕೈ. ನಿಯಮ ಮುರಿಯಿತು ಅಂತ ಯಾರಿಗೂ ಅನಿಸಲಿಲ್ಲ. ಕಾನೂನು ಕೌಂಟರಿನವರೆಗೆ ಬಂದು ನಿಲ್ಲುತ್ತದೆ. ಕೌಂಟರಿನಿಂದ ಬಾಯಿಯವರೆಗಿನ ದಾರಿಯಲ್ಲಿ ಇರುವವರು ಅಣ್ಣ, ಅಪ್ಪ, ಮಾವ, ಗೆಳೆಯ, ಮೇಸ್ತ್ರಿ.

ನಾನು ಒಂದಷ್ಟು ವರ್ಷ ಕುಡಿದು, ಆಮೇಲೆ ಬಿಟ್ಟೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ನಾನೂ ಓದಿ ತೆಗೆದುಕೊಂಡೆ, ಕುಡಿಯುವುದಿಲ್ಲ ಅನ್ನುವುದು ಅವುಗಳಲ್ಲಿ ಒಂದು. ನನಗೆ ಬಿಡುವುದು ಅಷ್ಟು ಕಷ್ಟವಾಗಲಿಲ್ಲ. ತಮ್ಮನಿಗೆ ಆಗಲಿಲ್ಲ. ಒಂದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಒಬ್ಬನಿಗೆ ಅದು ಬಿಡುತ್ತದೆ, ಇನ್ನೊಬ್ಬನಿಗೆ ಬಿಡುವುದಿಲ್ಲ. ಯಾರಿಗೆ ಬಿಡುವುದಿಲ್ಲ ಅನ್ನುವುದು ಮೊದಲ ಗ್ಲಾಸಿನ ದಿನ ಯಾರಿಗೂ ಗೊತ್ತಿರುವುದಿಲ್ಲ. ಅವನ ಹೊಲ ಹೋಯಿತು, ಎರಡು ಸಲ ಆಸ್ಪತ್ರೆ ಆಯಿತು. ಬೆಂಗಳೂರಿನ ಶೆಡ್ಡಿನಿಂದ ಕೆಲವು ರಾತ್ರಿ ಫೋನು ಮಾಡುತ್ತಾನೆ, ಮಾತು ತೊದಲುತ್ತಿರುತ್ತದೆ, ಮಗನಿಗೆ ಕೊಡು ಅನ್ನುತ್ತಾನೆ. ನಾನು, ಮಲಗಿದ್ದಾನೆ ಅಂತ ಸುಳ್ಳು ಹೇಳುತ್ತೇನೆ. ಐದನೆಯ ಶೀಲ ಒಬ್ಬ ಮುರಿದರೆ ನಾಲ್ಕನೆಯದನ್ನು ಇನ್ನೊಬ್ಬ ಮುರಿಯಬೇಕಾಗುತ್ತದೆ.

2023ರಲ್ಲಿ ಆಕ್ಷೇಪಣೆ ಬರೆಯದೆ ಇದ್ದದ್ದಕ್ಕೆ ಕಾರಣ ಇದು. ಹಾಳೆ ತೆಗೆದುಕೊಂಡು ಕೂತಿದ್ದೆ. "ಹದಿನೆಂಟು ವರ್ಷದ ಮಕ್ಕಳ ಕೈಗೆ" ಅಂತ ಬರೆದೆ, ಮುಂದೆ ಕೈ ಓಡಲಿಲ್ಲ.

ಸುತ್ತನಿಪಾತದಲ್ಲಿ ಧಮ್ಮಿಕ ಸುತ್ತ ಇದೆ. ಧಮ್ಮಿಕ ಎಂಬ ಉಪಾಸಕನಿಗೆ ಬುದ್ಧರು ಗೃಹಸ್ಥರ ನಡೆಯನ್ನು ಹೇಳುತ್ತಾರೆ. ಅಲ್ಲಿ ಕುಡಿತದ ವಿಷಯಕ್ಕೆ ಬಂದಾಗ ಕುಡಿಯಬಾರದು ಅಂತ ಒಂದೇ ಮಾತಿಗೆ ನಿಲ್ಲಿಸುವುದಿಲ್ಲ. ತಾನು ಕುಡಿಯಬಾರದು, ಇನ್ನೊಬ್ಬರಿಗೆ ಕುಡಿಸಬಾರದು, ಕುಡಿಯುವುದನ್ನು ಒಪ್ಪಿ ತಲೆದೂಗಬಾರದು, ಮೂರನ್ನೂ ಹೇಳುತ್ತಾರೆ. ನಾವು ಭಾನುವಾರ ಕೂತು ಶೀಲ ಹೇಳುವಾಗ ಮೊದಲನೆಯದನ್ನು ಮಾತ್ರ ಲೆಕ್ಕ ಹಿಡಿಯುತ್ತೇವೆ. ನಾನು ಕುಡಿಯುವುದಿಲ್ಲ, ಆಯಿತು, ಶೀಲವಂತ. ಮದುವೆಯ ಹಿಂದಿನ ರಾತ್ರಿ ಗಂಡಿನ ಕಡೆಯವರಿಗೆ ವ್ಯವಸ್ಥೆ ಮಾಡಿದವರು ಯಾರು? ಚುನಾವಣೆಯಲ್ಲಿ ಓಣಿಗೆ ಬಂದ ಕೇಸುಗಳನ್ನು ಇಳಿಸಿಕೊಂಡವರು ಯಾರು? ಮನೆ ಕಟ್ಟುವಾಗ ಸ್ಲ್ಯಾಬ್ ಹಾಕಿದ ದಿನ ಕೆಲಸದವರ ಕೈಗೆ ಕೂಲಿಯ ಜೊತೆ "ಖರ್ಚಿಗೆ" ಅಂತ ಕೊಟ್ಟವರು ಯಾರು? ನಮ್ಮ ಬಳಗದಲ್ಲೇ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾನೂ ಮಾಡಿದ್ದೇನೆ.

ಭಾಷೆ ಓದಿದವನಾದ್ದರಿಂದ ಒಂದು ಮಾತು. ಶೀಲದಲ್ಲಿ ಬರುವ ಸುರಾ ಅಂದರೆ ಹಿಟ್ಟು, ಅನ್ನ ಕೊಳೆಯಿಸಿ ಮಾಡಿದ್ದು, ಮೇರಯ ಅಂದರೆ ಹೂವು, ಹಣ್ಣು, ಜೇನು, ಬೆಲ್ಲದಿಂದ ಮಾಡಿದ್ದು. ಆದರೆ ಶೀಲದ ಭಾರ ಇರುವುದು ಪಮಾದ ಎಂಬ ಪದದ ಮೇಲೆ. ಕನ್ನಡದಲ್ಲಿ ಪ್ರಮಾದ ಅಂದರೆ ದೊಡ್ಡ ತಪ್ಪು ಅಂತಾಗಿದೆ. ಪಾಳಿಯಲ್ಲಿ ಅದು ಎಚ್ಚರ ತಪ್ಪುವುದು, ಮೈಮರೆವು. ಬುದ್ಧರು ಕೊನೆಯ ಉಸಿರಿನಲ್ಲಿ ಭಿಕ್ಖುಗಳಿಗೆ ಹೇಳಿದ ಮಾತಿನಲ್ಲೂ ಇರುವುದು ಇದರ ವಿರುದ್ಧ ಪದವೇ, ಅಪ್ಪಮಾದ. ಕುಡಿಯದೆಯೂ ಮೈಮರೆಯಬಹುದು ಅನ್ನುವುದಕ್ಕೆ 2003ರ ನಾನೇ ಸಾಕ್ಷಿ, ಆ ದಿನ ನಾನು ತಮ್ಮನ ಕೈಗೆ ಗ್ಲಾಸು ಕೊಡುವಾಗ ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

ಇನ್ನು ಮಾರುವವರ ಮಾತು. ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಹೇಳಿದೆ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ನಮ್ಮ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ ನಿಗಮದ್ದೇ. 2023ರ ಜುಲೈ ಬಜೆಟ್ಟಿನಲ್ಲಿ ಅಬಕಾರಿಯಿಂದ 36,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟರು. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಪ್ರಯತ್ನಿಸಬೇಕು ಅಂತ ಸರ್ಕಾರಕ್ಕೆ ಹೇಳುತ್ತದೆ, ಬಜೆಟ್ಟು ಬೇರೆ ಹೇಳುತ್ತದೆ. ಈ ದುಡ್ಡಿನಲ್ಲಿ ನನ್ನ ಪಗಾರವೂ ಇದೆ ಅನ್ನುವುದು ನನಗೆ ಗೊತ್ತು. 2019ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಸೇರಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದುಕೊಂಡು ಹೋದರು, ಮದ್ಯ ನಿಲ್ಲಿಸಿ ಅಂತ ಕೇಳಲು. ಜನವರಿ 30ರಂದು, ಗಾಂಧೀಜಿ ತೀರಿಕೊಂಡ ದಿನ, ಬೆಂಗಳೂರು ಮುಟ್ಟಿದರು. ಆ ನಡೆದವರ ಪಾದದ ಬೊಬ್ಬೆಗಳ ಮುಂದೆ ನನ್ನ ಬರೆಯದೆ ಬಿಟ್ಟ ಒಂದು ಹಾಳೆ ಏನು?

ನಮಗೆ ಹತ್ತಿರದಲ್ಲೇ ಮಸ್ಕಿ ಇದೆ. 1915ರಲ್ಲಿ ಸಿಕ್ಕ ಅಲ್ಲಿಯ ಶಾಸನದಲ್ಲಿ ಅಶೋಕ ಎಂಬ ಹೆಸರಿದೆ ಅಂತ ನಾವು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ. ಅದೇ ಕಿರು ಶಾಸನದ ಇನ್ನೊಂದು ಪಾಠ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದರಲ್ಲಿ ಅಶೋಕ, ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಅಷ್ಟಾಗಿ ಪ್ರಯತ್ನವನ್ನೇ ಮಾಡಲಿಲ್ಲ ಅಂತ ಹೇಳಿಕೊಳ್ಳುತ್ತಾನೆ. ಚಕ್ರವರ್ತಿ ತನ್ನ ಸೋಮಾರಿತನವನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನೆ! ನನ್ನದು ವಾಟ್ಸಾಪ್, ನಾಳೆ ಇನ್ನೊಂದು ಮೆಸೇಜು ಬಂದರೆ ಮೇಲೆ ಹೋಗಿಬಿಡುತ್ತದೆ. ಇಷ್ಟಾದರೂ ಬರೆಯೋಣ ಅನಿಸಿತು.

ಬರೆಯುವ ಮೊದಲು ತಮ್ಮನಿಗೆ ಫೋನು ಮಾಡಿ ಕೇಳಿದೆ. ಹಗಲು ಹೊತ್ತು, ಕೆಲಸದ ಮೇಲಿದ್ದ, ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು. ರಾಯಚೂರಿನ ಆ ದಿನದ್ದನ್ನು ಬರೆಯಲಾ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ನಿನಗ ಇನ್ನಾ ನೆನಪೈತೇನಣ್ಣ? ನಾನು ನಿನ್ನ ಮ್ಯಾಲ ಹಾಕಿಲ್ಲಲ್ಲ ಯಾವತ್ತೂ" ಅಂದ. ಅದಕ್ಕೇ ಬರೆಯಬೇಕು ಅಂದೆ. "ಬರಿ. ಹೆಸರು ಬ್ಯಾಡ. ಹುಡುಗ ಓದ್ತಾನೇನು?" ಅಂದ. ಓದುತ್ತಾನೆ ಅಂದೆ.

ಓದುತ್ತಿದ್ದೀಯಲ್ಲಪ್ಪಾ? ನಿನ್ನ ಪ್ರಶ್ನೆಗೆ ಉತ್ತರ ಹೀಗೆ. ಬುದ್ಧರು ವಯಸ್ಸು ಹೇಳಲಿಲ್ಲ. ಸರ್ಕಾರ ಹೇಳಿದೆ, ಅದು 21ರಲ್ಲೇ ಇರಲಿ ಅಂತ ನಾನು ಬಯಸುತ್ತೇನೆ, ಮುಂದೆ ಯಾವತ್ತಾದರೂ ಮತ್ತೆ ಕರಡು ಬಂದರೆ ಈ ಸಲ ಹಾಳೆ ಪೂರ್ತಿ ಬರೆದು ಕಳಿಸುತ್ತೇನೆ. ನೀನು 21 ಆದ ಮರುದಿನ ಏನು ಮಾಡುತ್ತೀ ಅನ್ನುವುದನ್ನು ನಾನು ಕಾಯಲಾರೆ. ಶೀಲ ಅಂದರೆ ತಾನಾಗಿ ತೆಗೆದುಕೊಳ್ಳುವುದು, ನಿನಗೆ ಕುಡಿಯಬೇಡ ಅಂತ ಆಣೆ ಹಾಕಿಸಲೂ ಆರೆ. ನಿನ್ನಪ್ಪನ ಕೈಗೆ ಕೊಟ್ಟವನು ನಾನು ಅಂತ ನಿನಗೆ ಗೊತ್ತಿರಬೇಕಿತ್ತು, ಈಗ ಗೊತ್ತಾಯಿತು. ಅದಕ್ಕೆ ಸಿಟ್ಟು ಬಂದರೆ ಬರಲಿ, ನನ್ನ ಮುಂದೆಯೇ ಹೇಳು.

ಮುಂದಿನ ತಿಂಗಳು ಇವನಿಗೆ 18 ತುಂಬುತ್ತದೆ. ವೋಟರ್ ಪಟ್ಟಿಗೆ ಹೆಸರು ಸೇರಿಸಲು ಫಾರಂ 6 ತಂದಿಟ್ಟಿದ್ದೇನೆ. ಅವನ ದೊಡ್ಡವ್ವ ಹೋಳಿಗೆ ಮಾಡುತ್ತೇನೆ ಅಂದಿದ್ದಾಳೆ. ಅವನಪ್ಪ ಎರಡು ದಿನ ರಜೆ ಹಾಕಿ ಬರುತ್ತೇನೆ ಅಂದಿದ್ದಾನೆ, ರಾತ್ರಿ ಬಸ್ಸಿಗೆ ಹತ್ತುವ ಮೊದಲು ಕುಡಿಯುವುದಿಲ್ಲ ಅಂತಲೂ ಅಂದಿದ್ದಾನೆ. ಇದನ್ನು ಅವನು ಮೊದಲೂ ಅಂದಿದ್ದುಂಟು. ನಾನು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿರುತ್ತೇನೆ, ಹುಡುಗನೂ ಬರುತ್ತೇನೆ ಅಂದರೆ ಕರೆದುಕೊಂಡು ಹೋಗುತ್ತೇನೆ.

ಈ ಭಾನುವಾರ ವಂದನೆ ಸಂಜೆ 6ಕ್ಕೆ, ಎಂದಿನ ಜಾಗದಲ್ಲಿ. ಧಮ್ಮಿಕ ಸುತ್ತವನ್ನು ಪೂರ್ತಿ ಓದೋಣ, ಹೆಣ್ಣುಮಕ್ಕಳೂ ಬನ್ನಿ.

ಭವತು ಸಬ್ಬ ಮಂಗಲಂ.